ಆರು, ಹನ್ನೆರಡು, ನಡುವೆ ನಾನಿಟ್ಟ ಚುಕ್ಕಿ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಅಚ್ಚಿನಲ್ಲಿ ದುಂಡಗೆ ಕಂಡರೆ ಅದು ಅಚ್ಚು ಹಾಕಿದವರ ಪುಣ್ಯ. ಮಾತುಗಳೂ ಅಷ್ಟೇ, ನನಗೆ ಗೊತ್ತಿರುವುದು ಕಡಿಮೆ, ಅದರಲ್ಲಿ ಸಮಯಕ್ಕೆ ಬಾಯಿಗೆ ಬರುವುದು ಇನ್ನೂ ಕಡಿಮೆ. ಒಂದೊಂದು ವಾಕ್ಯವನ್ನೂ ಮೊದಲು ಪೆನ್ಸಿಲಿನಲ್ಲಿ ಬರೆದು ಆಮೇಲೆ ಪೆನ್ನಿನಲ್ಲಿ ತಿದ್ದಿದ್ದೇನೆ. ಚುಕ್ಕಿ ಇಡುವಾಗಲಂತೂ ಎರಡೆರಡು ಸಲ ಯೋಚಿಸಿದ್ದೇನೆ. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ನನ್ನ ಹೆಸರು ನಾಗಲಕ್ಷ್ಮಿ, ವಯಸ್ಸು ಹದಿನೇಳು. ಬಾಗಲಗುಂಟೆಯ ಒಂದು ಬಾಡಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ ಅಮ್ಮ, ಅಜ್ಜಿ, ನಾನು ಇದ್ದೇವೆ. ನಾನು ಕಾಲೇಜು ಬಿಟ್ಟವಳು. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಹೊಟ್ಟೆನೋವು ಎಂದಿದ್ದೇನೆ. ನಿಮಗೆ ನಿಜ ಹೇಳುತ್ತೇನೆ. ಹಾಜರಿ ಕೂಗುವಾಗ ‘ಪ್ರೆಸೆಂಟ್ ಸರ್’ ಎನ್ನಲು ನನಗೆ ದನಿಯೇ ಬರುತ್ತಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಮುಂದಿನ ಹೆಸರಿಗೆ ಹೋಗಿರುತ್ತಿದ್ದರು. ಒಂದು ದಿನವೂ ತಪ್ಪಿಸದೆ ಮೊದಲ ಬೆಂಚಿನಲ್ಲಿ ಕೂತು, ಹಾಜರಿ ಸಾಲದೆ ಪರೀಕ್ಷೆಯಿಂದ ಹೊರಗುಳಿದವಳು ಬಹುಶಃ ಇಡೀ ಕರ್ನಾಟಕದಲ್ಲಿ ನಾನೊಬ್ಬಳೇ!

ಇಂಥ ನಾನು ಒಂದು ಸಂಜೆ ಎದೆಯುಬ್ಬಿಸಿ ಪ್ರತಿಜ್ಞೆ ಮಾಡಿದೆ. “ಅಜ್ಜಿ, ನೀನು ಸುಮ್ಮನೆ ಕೂತ್ಕೊ. ರೇಡಿಯೋ ನನಗೆ ಬಿಡು. ಹಾಡಿನ ಮಧ್ಯೆ ನೀನು ಉಗುಳು ನುಂಗಿದ್ರೂ ಕೇಳಿಸಬೇಕು, ಹಂಗೆ ಮಾಡ್ತೀನಿ.”

ನಮ್ಮ ಅಜ್ಜಿ ಲಕ್ಕಮ್ಮ ಸೋಬಾನೆ ಪದ ಹಾಡುವವಳು. ಬಾಗಲಗುಂಟೆ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಸುತ್ತಮುತ್ತಲ ಮದುವೆಗಳಲ್ಲಿ ಹಸೆಮಣೆಯ ಪಕ್ಕ ಕೂತು ಹಾಡುತ್ತಾ ಬಂದಿದ್ದಾಳೆ. ವಿದ್ಯಾರಣ್ಯಪುರದ ರಾಧಾಮಣಿ ಆಂಟಿ ಎಂಬುವವರು ಇಂಥ ಹಾಡು ಬಲ್ಲ ಐದು ಜನ ಹೆಂಗಸರನ್ನು ಹುಡುಕಿ, ಆಕಾಶವಾಣಿಗೆ ಕರೆದುಕೊಂಡು ಹೋಗಿ ಹಾಡಿಸಿದ್ದರು. ರೆಕಾರ್ಡಿಂಗ್ ಆಗಿತ್ತು. ಪ್ರಸಾರದ ದಿನ ತಿಳಿಸುತ್ತೇವೆ ಎಂದಿದ್ದರು. ಎಪ್ಪತ್ತೊಂದು ವರ್ಷ ಊರಿಗೆಲ್ಲ ಕೇಳಿಸಿದ ತನ್ನ ದನಿಯನ್ನು ತಾನು ಒಂದು ಸಲ ದೂರ ಕೂತು ಕೇಳಬೇಕು. ಅಜ್ಜಿಯ ಆಸೆ ಅಷ್ಟೇ.

ಕೆಳಗಿನ ಮನೆಯಲ್ಲಿ ಬ್ಲೌಸು ಹೊಲಿಯುವ ಕುಬ್ರಾ ಆಂಟಿಗೆ ಅಜ್ಜಿ ಈ ಸುದ್ದಿಯನ್ನು ಓಡಿ ಹೋಗಿ ಹೇಳಿದಳು. ಅಜ್ಜಿಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ.

“ನಂದೂ ಒಂದ್ ಆಡು ರೇಡಿಯೋದಾಗೆ ಬತ್ತದೆ ಕಣವ್ವ.”

“ಆಡು?” ಎಂದರು ಕುಬ್ರಾ ಆಂಟಿ. “ಮೇಕೆಗೆ ರೇಡಿಯೋದಲ್ಲಿ ಏನಮ್ಮಾ ಕೆಲಸ?”

ಒಂದು ಬುಧವಾರ ರಾಧಾಮಣಿ ಆಂಟಿಯ ಫೋನು ಬಂತು. ಅಜ್ಜಿ ಸ್ನಾನಕ್ಕೆ ಹೋಗಿದ್ದಳು. ಫೋನು ಎತ್ತುವುದು ನನಗೆ ಹಾವು ಹಿಡಿದ ಹಾಗೆ, ಆದರೂ ಎತ್ತಿದೆ. ಅವರು ನಾಗಸಂದ್ರದ ಮೆಟ್ರೋ ಹತ್ತುತ್ತಿದ್ದರೋ ಇಳಿಯುತ್ತಿದ್ದರೋ, ಅರ್ಧ ಮಾತು ಅವರದು, ಅರ್ಧ ರೈಲಿನದು. ಮುಂದಿನ ಗುರುವಾರ ಎಂದರು. ‘ಸಿಕ್ಸ್ ಟ್ವೆಲ್ವ್ ಎ.ಎಂ.’ ಎಂದರು. ಆಮೇಲೆ ಏನೋ ಹೇಳಿದರು, ಅದನ್ನು ರೈಲು ತಿಂದಿತು. ಕೊನೆಗೆ, “ಪಿ.ಎಂ. ಅಲ್ಲ ಕಣಮ್ಮ, ಎ.ಎಂ. ಸರಿಯಾಗಿ ಬರ್ಕೊ” ಎಂದದ್ದು ಸ್ಪಷ್ಟವಾಗಿ ಕೇಳಿತು. ರೈಲು ತಿಂದದ್ದು ಏನು ಎಂದು ಕೇಳಬೇಕೆನಿಸಿತು. ಬಾಯಿ ತೆರೆದೆ. ಅಷ್ಟರಲ್ಲಿ ಅವರು ಫೋನು ಇಟ್ಟಿದ್ದರು. ವಾಪಸು ಫೋನು ಮಾಡಿ ‘ಕೇಳಿಸಲಿಲ್ಲ’ ಎನ್ನಲು ನಾಚಿಕೆಯಾಯಿತು. ಮುಖ್ಯವಾದದ್ದು ಕೇಳಿಸಿದೆಯಲ್ಲ ಎಂದುಕೊಂಡೆ.

ಒಂದು ಬಿಳಿ ಚೀಟಿ ತೆಗೆದುಕೊಂಡು, ಸ್ಕೇಲಿನಿಂದ ಗೆರೆ ಹಾಕಿ, ನನ್ನ ಜೀವಮಾನದ ಅತಿ ಸುಂದರ ಅಕ್ಷರದಲ್ಲಿ ಬರೆದೆ: ‘ಗುರುವಾರ, 6.12 AM.’ ಆರಕ್ಕೂ ಹನ್ನೆರಡಕ್ಕೂ ನಡುವೆ ಒಂದು ಚುಕ್ಕಿ ಇಟ್ಟೆ. ಚುಕ್ಕಿ ಸಣ್ಣದಾಯಿತು ಎನಿಸಿ ಇನ್ನೊಂದು ಸಲ ಒತ್ತಿದೆ. ಚೀಟಿಯನ್ನು ಯಾರೂ ಕಳೆಯಬಾರದೆಂದು ರೇಡಿಯೋದ ಮೇಲೆಯೇ ಅಂಟಿಸಿದೆ. ಮತ್ತೆ ಮನಸ್ಸಿನಲ್ಲೇ ಮೆಚ್ಚಿಕೊಂಡೆ: ರೇಡಿಯೋದವರು ಎಂದರೆ ರೇಡಿಯೋದವರು! ಆರಲ್ಲ, ಆರೂ ಕಾಲಲ್ಲ, ಸರಿಯಾಗಿ ಆರು ಹನ್ನೆರಡು. ಎಂಥ ಶಿಸ್ತು!

ಇನ್ನು ಉಳಿದದ್ದು ರೇಡಿಯೋ ಸರಿಯಾಗಿ ಕೇಳಿಸುವಂತೆ ಮಾಡುವುದು. ಅಮ್ಮ ತನ್ನ ಫೋನಿನಲ್ಲೇ ಹಾಕಿ ಕೊಡುತ್ತೇನೆ ಎಂದಳು. ರೇಡಿಯೋದಾಗೆ ಬರೋದು ರೇಡಿಯೋದಾಗೇ ಬರಬೇಕು ಎಂದು ಅಜ್ಜಿ ಒಪ್ಪಲಿಲ್ಲ. ಹಾಗಾಗಿ ತಾತನ ಕಾಲದ, ಸೆಲ್ಲು ಹಾಕುವ ಪೆಟ್ಟಿಗೆ ನನ್ನ ಕೈಗೆ ಬಂತು. ಅದರಲ್ಲಿ ಎರಡು ಸಾಲು. ಮೇಲೆ ಎಫ್.ಎಂ., ಕೆಳಗೆ ಎ.ಎಂ. ಆಕಾಶವಾಣಿ ಸಿಕ್ಕಿದ್ದು ಕೆಳಗಿನ ಸಾಲಿನಲ್ಲಿ. ನಾನು ಹಳೆಯ ನೋಟ್ ಬುಕ್ಕಿನ ಖಾಲಿ ಹಾಳೆಗಳಲ್ಲಿ ‘ಎ.ಎಂ.ಗೂ ಎಫ್.ಎಂ.ಗೂ ಇರುವ ವ್ಯತ್ಯಾಸಗಳು’ ಎಂದು ತಲೆಬರಹ ಕೊಟ್ಟು, ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದು, ಸಂಶೋಧನೆ ಶುರುಮಾಡಿದೆ.

ಎಫ್.ಎಂ. ಅನುಕೂಲಸ್ಥ ನೆಂಟರ ಹಾಗೆ. ಆಂಟೆನಾ ಕಡ್ಡಿ ಎಳೆದು ಮೇಲಕ್ಕೆತ್ತಿ ಮರ್ಯಾದೆ ಕೊಟ್ಟರೆ ನೀರಿನಷ್ಟು ತಿಳಿಯಾಗಿ ಮಾತಾಡುತ್ತದೆ. ಪಕ್ಕದಲ್ಲಿ ಮಿಕ್ಸಿ ತಿರುಗಿದರೂ ಅದಕ್ಕೆ ಲೆಕ್ಕವಿಲ್ಲ. ಆದರೆ ಮೂಲೆಯ ಅಡುಗೆಮನೆಗೆ ಕರೆದುಕೊಂಡು ಹೋದರೆ ಮುನಿಸಿಕೊಂಡು ಉಸ್ ಎನ್ನುತ್ತದೆ. ಎ.ಎಂ. ವಠಾರದ ಹೆಂಗಸಿನ ಹಾಗೆ. ಎಷ್ಟೋ ದೂರದಿಂದ ಬರುತ್ತದೆ, ಗೋಡೆಗಳಿಗೆ ಜಗ್ಗುವುದಿಲ್ಲ. ಆದರೆ ಯಾರ ಮನೆಯಲ್ಲಿ ಏನು ನಡೆದರೂ ಅದಕ್ಕೆ ಗೊತ್ತಾಗಬೇಕು. ಎದುರು ಮನೆಯಲ್ಲಿ ಚಟ್ನಿ ರುಬ್ಬಿದರೆ ಇಲ್ಲಿ ಗರ್ ಎನ್ನುತ್ತದೆ. ಎಲ್.ಇ.ಡಿ. ಬಲ್ಬು ಹಾಕಿದರೆ ಸಾಸಿವೆ ಸಿಡಿಯುತ್ತದೆ. ಫೋನು ಚಾರ್ಜಿಗೆ ಇಟ್ಟರೆ ಜೀರುಂಡೆ. ಕುಬ್ರಾ ಆಂಟಿ ಹೊಲಿಗೆ ಯಂತ್ರದ ಮೋಟಾರು ತುಳಿದರೆ ವಾರ್ತೆ ಓದುವವರ ಬಾಯಿಗೇ ಹೊಲಿಗೆ ಬೀಳುತ್ತದೆ.

ಕಡ್ಡಿ ಎಳೆದರೆ ಎಫ್.ಎಂ. ಚೆನ್ನಾಗಿ ಬರುತ್ತದಲ್ಲ, ಹಾಗಾದರೆ ಎ.ಎಂ.ಗೂ ಕಡ್ಡಿ ಉದ್ದ ಮಾಡೋಣ ಎಂದುಕೊಂಡೆ. ರೇಡಿಯೋವನ್ನು ತಾರಸಿಗೆ ಒಯ್ದು, ಕಡ್ಡಿಗೆ ತಾಮ್ರದ ತಂತಿ ಕಟ್ಟಿ, ಅದನ್ನು ಬಟ್ಟೆ ಒಣಗಿಸುವ ಹಗ್ಗದುದ್ದಕ್ಕೂ ಸುತ್ತಿ, ನೀರಿನ ಟ್ಯಾಂಕಿನ ಕಬ್ಬಿಣದ ಕಾಲಿಗೆ ಬಿಗಿದೆ. ಎರಡು ದಿನದ ಕೆಲಸ. ಎ.ಎಂ.ಗೆ ಇದರಿಂದ ಒಂದು ಕೂದಲಷ್ಟೂ ವ್ಯತ್ಯಾಸವಾಗಲಿಲ್ಲ. ಅಮ್ಮನ ಸೀರೆ ಮಾತ್ರ ತಂತಿಗೆ ಸಿಕ್ಕಿ ಹರಿಯಿತು. ನಾನು ನೋಟ್ ಬುಕ್ಕಿನಲ್ಲಿ ಬರೆದೆ: ‘ತಂತಿ ಸಾಲದು.’

ಕೊನೆಗೆ ಉಳಿದದ್ದು ಒಂದೇ ದಾರಿ. ಆ ಹೊತ್ತಿಗೆ ಇಡೀ ಕಟ್ಟಡದ ಕರೆಂಟು ಸುಮ್ಮನಿರಬೇಕು. ಎಂಟು ಮನೆಗಳ ಬಾಗಿಲು ತಟ್ಟಿ ಕೇಳಲು ನನ್ನಿಂದಾಗದು. ಎಂಟು ಚೀಟಿ ಬರೆದು ಬಾಗಿಲ ಸಂದಿಯಲ್ಲಿ ತಳ್ಳಿದೆ: ‘ಗುರುವಾರ ಬೆಳಿಗ್ಗೆ 6.05ರಿಂದ 6.30ರವರೆಗೆ ದಯವಿಟ್ಟು ದೀಪ, ಮಿಕ್ಸಿ, ಚಾರ್ಜರ್, ನೀರಿನ ಮೋಟಾರು ಆಫ್ ಮಾಡಿ. ನಮ್ಮ ಅಜ್ಜಿ ಬರುತ್ತಾರೆ.’ ಎದುರು ಮನೆಯ ಅಶ್ವತ್ಥ್ ಅಣ್ಣ ಅಮ್ಮನನ್ನು ಮೆಟ್ಟಿಲಲ್ಲಿ ನಿಲ್ಲಿಸಿ, ಯಾರ ಮೈಮೇಲೆ ಬರುತ್ತಾರೆ ಎಂದು ಮೆಲ್ಲಗೆ ವಿಚಾರಿಸಿದರಂತೆ.

ವಿಷಯ ತಿಳಿದ ಮೇಲೆ ಯಾರೂ ಇಲ್ಲ ಎನ್ನಲಿಲ್ಲ. ಕಟ್ಟಡದ ಯಜಮಾನರು ಬ್ಯಾಟರಾಯಪ್ಪನವರು, ದಿನಾ ಆರಕ್ಕೆ ನೀರಿನ ಮೋಟಾರು ಹಾಕುವುದನ್ನು ದೇವರ ಪೂಜೆಯಂತೆ ಮಾಡುವವರು, ತಮ್ಮ ಮದುವೆಯಲ್ಲಿ ಹಾಡಿದವಳು ಲಕ್ಕಮ್ಮನೇ ಎಂದು ನೆನಪಿಸಿಕೊಂಡು ಆವತ್ತು ಮೋಟಾರು ಬೇಡ ಎಂದುಬಿಟ್ಟರು. ಅಷ್ಟೇ ಅಲ್ಲ, ತಾವೂ ಬಂದು ಕೇಳುತ್ತೇವೆ ಎಂದರು. ಅವರು ಬಂದರೆ ಉಳಿದವರು ಬಿಡುತ್ತಾರೆಯೇ?

ಗುರುವಾರ ಬೆಳಿಗ್ಗೆ ಆರು ಗಂಟೆಗೆ ತಾರಸಿಯ ಮೇಲೆ ಹತ್ತೊಂಬತ್ತು ಜನ. ಕುರ್ಚಿಯ ಮೇಲೆ ರೇಡಿಯೋ, ರೇಡಿಯೋದ ಹಣೆಗೆ ಅಜ್ಜಿ ಇಟ್ಟ ಕುಂಕುಮ, ಪಕ್ಕದಲ್ಲಿ ನನ್ನ ಚೀಟಿ. ಅಜ್ಜಿ ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟಿದ್ದಳು. ಎಂಟು ಮನೆಯ ದೀಪ ಆರಿತು. ಕಟ್ಟಡ ಅಮಾವಾಸ್ಯೆಯಂತೆ ಕೂತಿತು. ರೇಡಿಯೋದ ಗರಗರವೆಲ್ಲ ಸೋಸಿ ಹೋಗಿ, ದನಿ ಎಷ್ಟು ತಿಳಿಯಾಯಿತೆಂದರೆ ನನಗೇ ಹೆಮ್ಮೆ ತಡೆಯಲಾಗಲಿಲ್ಲ. ಕುಬ್ರಾ ಆಂಟಿಗೆ ಮೆಲ್ಲಗೆ ಪಾಠ ಹೇಳಿದೆ: ಇದು ಎ.ಎಂ., ಅದಕ್ಕೇ ದೀಪ ಆರಿಸಿದ್ದು, ಎಫ್.ಎಂ. ಆಗಿದ್ದರೆ ಇಷ್ಟು ಕಷ್ಟವಿರಲಿಲ್ಲ.

ಆರು ಹನ್ನೆರಡಾಯಿತು. ಎಲ್ಲರೂ ಉಸಿರು ಹಿಡಿದರು. ರೇಡಿಯೋದಲ್ಲಿ ಒಬ್ಬ ಪಶುವೈದ್ಯರು ಗಂಟಲು ಸರಿಮಾಡಿಕೊಂಡರು. ಅದೂ ಕೇಳಿಸಿತು, ಅಷ್ಟು ಸ್ಪಷ್ಟ! ಆಮೇಲೆ ಎಮ್ಮೆಯ ಕೆಚ್ಚಲು ಬಾವಿನ ಬಗ್ಗೆ ಮಾತಾಡತೊಡಗಿದರು. ಆರು ಹದಿನೈದಕ್ಕೆ ರೋಗದ ಲಕ್ಷಣ. ಆರು ಇಪ್ಪತ್ತಕ್ಕೆ ಹಾಲು ಕರೆಯುವಾಗಿನ ಸ್ವಚ್ಛತೆ. ಹತ್ತೊಂಬತ್ತು ಜನ ಅಲುಗಾಡದೆ ಕೇಳಿದರು.

“ಬೇಟಾ,” ಕುಬ್ರಾ ಆಂಟಿ ಪಿಸುಗುಟ್ಟಿದರು, “ಎ.ಎಂ. ಅಂದ್ರೆ ಎಮ್ಮೆನಾ?”

ಬ್ಯಾಟರಾಯಪ್ಪನವರು ಮಾತ್ರ ಕೊನೆಯವರೆಗೂ ತಲೆದೂಗಿದರು. “ಒಳ್ಳೆ ಮಾತ್ ಏಳ್ದ,” ಎಂದರು ಏಳುತ್ತಾ. “ಪಾರ್ಕಿಂಗ್ ಇರೋ ಜಾಗದಾಗೆ ನಮ್ ಎಮ್ಮೆ ಕೊಟ್ಟಿಗೆ ಇತ್ತು. ಆಗ ಏಳಿದ್ರೆ ಉಪಯೋಗಕ್ಕೆ ಬತ್ತಿತ್ತು.”

ಏಳು ಗಂಟೆಯವರೆಗೂ ಕಾದೆವು. ಅಜ್ಜಿ ಬರಲಿಲ್ಲ. ಎಂಟು ಮನೆಯಲ್ಲಿ ನೀರಿಲ್ಲ. ಅಶ್ವತ್ಥ್ ಅಣ್ಣನಿಗೆ ಚಟ್ನಿಯಿಲ್ಲದ ಇಡ್ಲಿಯ ಡಬ್ಬಿ, ಅದನ್ನು ಹಿಡಿದು ಓಡುವಷ್ಟರಲ್ಲಿ ಕಂಪನಿಯ ಬಸ್ಸೂ ಇಲ್ಲ. ಅಮ್ಮ ಸ್ನಾನವಿಲ್ಲದೆ ಗಾರ್ಮೆಂಟ್ಸಿಗೆ ಹೋದಳು. ಯಾರೂ ನನ್ನನ್ನು ಬೈಯಲಿಲ್ಲ; ಬೈದಿದ್ದರೆ ಹಗುರವಾಗುತ್ತಿತ್ತು. ಅಜ್ಜಿ ರೇಷ್ಮೆ ಸೀರೆ ಬಿಚ್ಚಿ, ಮಡಿಕೆ ತಪ್ಪದಂತೆ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ರಾಧಾಮಣಿ ಆಂಟಿಗೆ ಫೋನು ಮಾಡೋಣವೇ ಎಂದು ನಾನು ಬಾಯಲ್ಲೇ ಗೊಣಗಿದೆ.

“ಬ್ಯಾಡ ಬುಡು,” ಎಂದಳು. “ನನ್ ಆಡು ಚೆಂದಾಗಿಲ್ಲ ಅಂತ ತೆಗ್ದಾಕವ್ರೆ. ವಯಸ್ಸಾದ್ ಗಂಟ್ಲು. ಪಾಪ, ಅವರ್ ಬಾಯಾಗೆ ಅದ್ನ ಯಾಕೆ ಏಳಿಸ್ಬೇಕು.”

ಅಷ್ಟು ಹೇಳಿ ಕುಬ್ರಾ ಆಂಟಿಯ ಮನೆಗೆ ಬ್ಲೌಸಿಗೆ ಹುಕ್ಕು ಹಾಕಲು ಇಳಿದುಹೋದಳು. ದಿನಾ ಹುಕ್ಕು ಹಾಕುವಾಗ ಹಾಡುತ್ತಾಳೆ. ಆವತ್ತು ಕೆಳಗಿನಿಂದ ಯಂತ್ರದ ಸದ್ದು ಮಾತ್ರ ಬರುತ್ತಿತ್ತು.

ನಾನು ತಾರಸಿಯಲ್ಲಿ ಟ್ಯಾಂಕಿನ ಹಿಂದೆ ಬಚ್ಚಿಟ್ಟುಕೊಂಡೆ. ಬಹಳ ಹೊತ್ತು ಅಲ್ಲೇ ಇದ್ದೆ. ಬಿಸಿಲು ನೆತ್ತಿಗೆ ಬಂದಾಗ, ಕನಿಷ್ಠ ತಂತಿಯನ್ನಾದರೂ ಬಿಚ್ಚೋಣ ಎಂದು ರೇಡಿಯೋದ ಮುಂದೆ ಮಂಡಿಯೂರಿದೆ. ಅಷ್ಟು ಹತ್ತಿರದಿಂದ ಅದರ ಮುಖವನ್ನು ಬಿಸಿಲಿನಲ್ಲಿ ನೋಡಿದ್ದು ಅದೇ ಮೊದಲು. ಕೆಳಗಿನ ಸಾಲಿನಲ್ಲಿ ‘AM’ ಎಂದಿದೆ. ಅದರ ಮುಂದೆ 530, 600, 700. ಮುಳ್ಳು ಆರುನೂರನ್ನು ದಾಟಿ ಒಂದು ಅಕ್ಕಿಕಾಳಿನಷ್ಟು ದೂರದಲ್ಲಿ ನಿಂತಿದೆ. ಆರುನೂರ ಹತ್ತು. ಇಲ್ಲವೇ ಆರುನೂರ ಹನ್ನೆರಡು.

ಅದರ ಪಕ್ಕದಲ್ಲೇ ನನ್ನ ಚೀಟಿ: 6.12 AM.

ನಾನು ಚುಕ್ಕಿಯ ಮೇಲೆ ಬೆರಳಿಟ್ಟು ಮುಚ್ಚಿದೆ. 612 AM. ಬೆರಳು ತೆಗೆದೆ. 6.12 AM. ಮತ್ತೆ ಮುಚ್ಚಿದೆ.

ಅದು ಗಂಟೆಯಲ್ಲ, ರೇಡಿಯೋ ಸ್ಟೇಷನ್ನಿನ ನಂಬರು! ಅವರು ಹೇಳಿದ್ದು ‘ಪಿ.ಎಂ. ಅಲ್ಲ’ ಎಂದಲ್ಲ, ‘ಎಫ್.ಎಂ. ಅಲ್ಲ’ ಎಂದು. ಎ.ಎಂ. ಎಂಬ ಎರಡು ಅಕ್ಷರದ ಮೇಲೆ ಒಂದು ವಾರ ಸಂಶೋಧನೆ ಮಾಡಿ, ಕೆಂಪು ಅಡಿಗೆರೆ ಎಳೆದು, ಕುಬ್ರಾ ಆಂಟಿಗೆ ಪಾಠವನ್ನೂ ಹೇಳಿದವಳು, ಅದೇ ಎರಡು ಅಕ್ಷರವನ್ನು ನನ್ನ ಕೈಬರಹದಲ್ಲೇ ಗುರುತು ಹಿಡಿಯಲಿಲ್ಲ. ರೇಡಿಯೋದವರು ಚುಕ್ಕಿ ಇಟ್ಟಿರಲಿಲ್ಲ. ಚುಕ್ಕಿ ಇಟ್ಟವಳು ನಾನು. ಎರಡು ಸಲ ಒತ್ತಿ ಇಟ್ಟಿದ್ದೆ.

ಹಾಗಾದರೆ ಗಂಟೆ ಎಷ್ಟು? ರೈಲು ತಿಂದದ್ದೇ ಅದು. ಕೇಳಲೇಬೇಕು. ಅಜ್ಜಿಯ ಗುಂಡಿ ಫೋನು ನನ್ನ ಬಳಿಯೇ ಇತ್ತು. ಏನು ಹೇಳಬೇಕೆಂದು ಮನಸ್ಸಿನಲ್ಲಿ ಒಂದು ವಾಕ್ಯ ಕಟ್ಟಿದೆ. ‘ನಮಸ್ಕಾರ ಆಂಟಿ, ನಾನು ಲಕ್ಕಮ್ಮನವರ ಮೊಮ್ಮಗಳು, ಆವತ್ತು ನನಗೆ ಸರಿಯಾಗಿ ಕೇಳಿಸಲಿಲ್ಲ.’ ತಪ್ಪಾಗಬಾರದೆಂದು ಹತ್ತು ಸಲ ಅಭ್ಯಾಸ ಮಾಡಿದೆ. ‘ಕೇಳಿಸಲಿಲ್ಲ’ ಎನ್ನುವಲ್ಲಿ ಪ್ರತಿ ಸಲವೂ ನಿಂತು ಮೊದಲಿನಿಂದ ಶುರುಮಾಡುತ್ತಿದ್ದೆ. ಹನ್ನೊಂದನೇ ಸಲ ಫೋನು ಮಾಡಿದೆ.

“ಹನ್ನೆರಡೂವರೆಗೆ ಅಂತ ಹೇಳಿದ್ನಲ್ಲಮ್ಮ,” ಎಂದರು ರಾಧಾಮಣಿ ಆಂಟಿ. “ಈಗ ಬರ್ತಾ ಇದೆ. ಕೇಳ್ತಾ ಇಲ್ವಾ ನೀವು?”

ಗಂಟೆ ಹನ್ನೆರಡು ಮೂವತ್ತಾರು. ಮೂರೇ ಸಲ ಅಭ್ಯಾಸ ಮಾಡಿದ್ದರೆ ಸಾಕಿತ್ತು.

ರೇಡಿಯೋ ಹಾಕಿದೆ. ಗರ್ ಎಂದಿತು. ಕೆಳಗೆ ಕುಬ್ರಾ ಆಂಟಿಯ ಮೋಟಾರು, ಎದುರು ಮನೆಯಲ್ಲಿ ಮಿಕ್ಸಿ, ಎಲ್ಲೆಲ್ಲೂ ಮಧ್ಯಾಹ್ನದ ಅಡುಗೆ. ಅಜ್ಜಿಯ ಬಳಿಗೇ ಒಯ್ಯೋಣ ಎಂದು ಪೆಟ್ಟಿಗೆಯನ್ನು ಬಾಚಿ ಎತ್ತಿ ಓಡಿದೆ. ನಾನೇ ಬಿಗಿದಿದ್ದ ತಂತಿ ನನ್ನನ್ನೇ ಹಿಂದಕ್ಕೆಳೆಯಿತು. ಕಡ್ಡಿ ಪಟ್ಟೆಂದು ಮುರಿಯಿತು, ಪೆಟ್ಟಿಗೆಯ ಹಿಂಬದಿಯ ಮುಚ್ಚಳ ಕಳಚಿ ಬಿತ್ತು, ರೇಡಿಯೋ ನನ್ನ ತೋಳಿನಲ್ಲಿ ಅಡ್ಡಕ್ಕೆ ತಿರುಗಿತು. ತಿರುಗಿದ್ದೇ ತಡ, ಗರಗರ ಅಡಗಿ ಅಜ್ಜಿಯ ದನಿ ಎದ್ದು ಬಂತು.

ಒಳಗೆ ನೋಡಿದೆ. ಪೆನ್ಸಿಲಿನಷ್ಟು ಉದ್ದದ ಒಂದು ಕಪ್ಪು ಕಡ್ಡಿ, ಅದಕ್ಕೆ ನೂಲಿನಂಥ ತಾಮ್ರದ ತಂತಿ ಸುತ್ತಿದೆ. ಪೆಟ್ಟಿಗೆ ಹೀಗೆ ತಿರುಗಿಸಿದರೆ ದನಿ ಬರುತ್ತದೆ, ಹಾಗೆ ತಿರುಗಿಸಿದರೆ ಹೋಗುತ್ತದೆ. ಎ.ಎಂ.ನ ಕಡ್ಡಿ ಮೊದಲಿನಿಂದ ಒಳಗೇ ಇತ್ತು. ಹೊರಗಿನ ಕಡ್ಡಿ ಎಫ್.ಎಂ.ದು. ನಾನು ಒಂದು ವಾರ ಎಫ್.ಎಂ.ನ ಮೂಗಿಗೆ ಹಗ್ಗ ಕಟ್ಟಿ ಎ.ಎಂ.ನ್ನು ಎಳೆಯುತ್ತಿದ್ದೆ.

ಮೆಟ್ಟಿಲ ಕಡೆ ತಿರುಗಿದರೆ ಅಜ್ಜಿ ಮಾಯ. ಟ್ಯಾಂಕಿನ ಕಡೆ ತಿರುಗಿದರೆ ಅಜ್ಜಿ ಪ್ರತ್ಯಕ್ಷ. ರೇಡಿಯೋದ ಅಜ್ಜಿಯನ್ನು ಕೆಳಗೆ ಒಯ್ಯಲಾರೆ. ಕೆಳಗಿನ ಅಜ್ಜಿಯನ್ನೇ ಮೇಲೆ ಕರೆಯಬೇಕು. ಕರೆಯಲು ಇರುವುದು ನನ್ನ ಗಂಟಲೊಂದೇ. ಬಾಯಿ ತೆರೆದೆ. ಎಂದಿನಂತೆ ಗಾಳಿ ಬಂತು. ಇನ್ನೊಂದು ಸಲ ತೆರೆದೆ.

“ಅಜ್ಜೀ!”

ಅದು ನನ್ನ ದನಿ ಎಂದು ನನಗೇ ತಿಳಿಯಲಿಲ್ಲ. ರಸ್ತೆಯಲ್ಲಿ ತರಕಾರಿ ಗಾಡಿಯವನು ನಿಂತುಬಿಟ್ಟ. ಒಂದು ಸಲ ದಾರಿ ಬಿಟ್ಟುಕೊಂಡ ಮೇಲೆ ಗಂಟಲು ನಿಲ್ಲಲೇ ಇಲ್ಲ. ಅಜ್ಜೀ ಬಾ, ಅಜ್ಜೀ ಬೇಗ ಬಾ, ರೇಡಿಯೋ, ರೇಡಿಯೋ, ಎಂದು ಒಂದೇ ಸಮನೆ ಕೂಗಿದೆ. ಕೆಳಗಿನವರು ಮೇಲೆ ನೋಡಿದರೆ ಏನು ಕಾಣಬೇಕು? ತಂತಿಯ ನಡುವೆ, ತೋಳು ಸೊಟ್ಟ ಮಾಡಿಕೊಂಡು, ಅಲುಗಾಡದೆ ನಿಂತು ಕಿರುಚುತ್ತಿರುವ ಹುಡುಗಿ! ಬ್ಯಾಟರಾಯಪ್ಪನವರು ‘ಕರೆಂಟ್ ಒಡೀತು ಮಗೀಗೆ’ ಎನ್ನುತ್ತಾ ಓಡಿಹೋಗಿ ಇಡೀ ಕಟ್ಟಡದ ಮೇನ್ ಸ್ವಿಚ್ಚನ್ನೇ ಕಿತ್ತರು. ಮಿಕ್ಸಿ ನಿಂತಿತು, ಮೋಟಾರು ನಿಂತಿತು, ಬೆಳಿಗ್ಗೆ ಎಂಟು ಚೀಟಿ ಬರೆದು ಗಳಿಸಿದ್ದ ಮೌನ ಪುಕ್ಕಟೆಯಾಗಿ ಬಂತು. ಆ ಮೌನದಲ್ಲಿ ಅಜ್ಜಿಯ ಹಾಡು ಎಷ್ಟು ತಿಳಿಯಾಗಿ ಬಂದಿರಬೇಕು! ನನಗೆ ಗೊತ್ತಿಲ್ಲ. ನಾನು ಕೂಗುತ್ತಿದ್ದೆ.

ಅಜ್ಜಿ ಮಂಡಿ ಹಿಡಿದುಕೊಂಡು ಮೂರು ಅಂತಸ್ತು ಹತ್ತಿ ಬಂದಳು. ಹಿಂದೆ ಕೈಯಲ್ಲಿ ಕತ್ತರಿ ಹಿಡಿದ ಕುಬ್ರಾ ಆಂಟಿ, ಒಣ ಕೋಲು ಹಿಡಿದ ಬ್ಯಾಟರಾಯಪ್ಪನವರು. ಅಜ್ಜಿ ನನ್ನ ಕೆನ್ನೆ ಮುಟ್ಟಿ, ಕೈ ಮುಟ್ಟಿ ನೋಡಿದಳು. ನಾನು ಬಾಯಿ ಮುಚ್ಚಿದೆ. ಆಗ ರೇಡಿಯೋ, ಒಂದು ಚೂರೂ ಗರಗರವಿಲ್ಲದೆ, ಹೇಳಿತು: “ಇದುವರೆಗೆ ನೀವು ಸೋಬಾನೆ ಪದಗಳನ್ನು ಕೇಳಿದಿರಿ. ಹಾಡಿದವರು, ಲಕ್ಕಮ್ಮ ಮತ್ತು ಸಂಗಡಿಗರು.”

ಅಜ್ಜಿ ಟ್ಯಾಂಕಿನ ಕಟ್ಟೆಯ ಮೇಲೆ ಕೂತಳು.

“ತೆಗ್ದಾಕಿರ್ನಿಲ್ಲ,” ಎಂದಳು. ಆಮೇಲೆ ನನ್ನನ್ನು ಕೇಳಿದಳು, “ಎಂಗೆ ಆಡಿದ್ದೆ ಮಗಾ?”

ಇಡೀ ಬೀದಿಯಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿರಬೇಕಾದವಳು ನಾನೊಬ್ಬಳೇ. ರೇಡಿಯೋ ನನ್ನ ಎದೆಗೇ ಒರಗಿತ್ತು.

“ಕೇಳಲಿಲ್ಲ ಅಜ್ಜಿ. ಕೂಗ್ತಾ ಇದ್ದೆ.”

“ಆಕಾಶವಾಣಿ ಯಾರಿಗೂ ಕೇಳಲಿಲ್ಲ ಬೇಟಾ,” ಎಂದರು ಕುಬ್ರಾ ಆಂಟಿ. “ನಿನ್ ವಾಣಿ ಮಾತ್ರ ಬಸ್ ಸ್ಟಾಪ್ ತನಕ ಕ್ಲಿಯರ್ ಆಗಿ ಬಂತು.”

ನಾನು ಚುಕ್ಕಿಯ ವಿಷಯವನ್ನೂ ರೈಲಿನ ವಿಷಯವನ್ನೂ ಎಲ್ಲರೆದುರು ಒಪ್ಪಿಕೊಂಡೆ. ಅಜ್ಜಿ ಮೊದಲು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಆಮೇಲೆ ನನ್ನ ತಲೆಯ ಮೇಲೆ ಒಂದು ಮೊಟಕಿದಳು.

“ಇಂಗೆ ಊರೇ ಅದುರೋ ಅಂಗೆ ಕೂಗೋಕೆ ಗಂಟ್ಲೈತೆ. ಪೋನ್ನಾಗೆ ಕೇಳುಸ್ನಿಲ್ಲ ಅಂದ್ರೆ ಇನ್ನೊಂದ್ ಕಿತ ಕೇಳಕ್ಕೆ ಏನ್ ದಾಡಿ ನಿಂಗೆ?”

ತಲೆ ತಗ್ಗಿಸಿಕೊಂಡು ತಂತಿ ಬಿಚ್ಚಿದೆ.

ಚೀಟಿಯಲ್ಲಿದ್ದ ಚುಕ್ಕಿಯನ್ನು ಬ್ಲೇಡಿನಿಂದ ಕೆರೆದು ತೆಗೆದಿದ್ದೇನೆ. ಅಲ್ಲೀಗ ಒಂದು ತೂತಿದೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ರಾಧಾಮಣಿ ಆಂಟಿಗೆ ಫೋನು ಮಾಡಿ, ಅಜ್ಜಿಯ ಹಾಡು ಮತ್ತೆ ಪ್ರಸಾರವಾಗುತ್ತದೆಯೇ ಎಂದು ಕೇಳುತ್ತೇನೆ. ಸರಿಯಾಗಿ ಕೇಳಿಸದಿದ್ದರೆ, ಇನ್ನೊಂದು ಸಲ ಕೇಳುತ್ತೇನೆ.